ಸೂಜಿಗೆ ಸಿಕ್ಕಿದ್ದು, ಸಿಗದೆ ಉಳಿದದ್ದು: ಅಂಡಾಶಯದ ಗಡ್ಡೆ ಮತ್ತು ಎಫ್‌ಎನ್‌ಎಸಿ

ಅಂಡಾಶಯದ ಗಡ್ಡೆಗೆ ತೆಳುವಾದ ಸೂಜಿ ಚುಚ್ಚಿ, ಒಳಗಿನ ನೀರನ್ನೋ ಜೀವಕೋಶಗಳನ್ನೋ ಹೀರಿ ತೆಗೆದು, ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ವೈದ್ಯರು ಎಫ್‌ಎನ್‌ಎಸಿ ಎನ್ನುತ್ತಾರೆ. ರೋಗಿಗಳ ಬಾಯಲ್ಲಿ ಅದು ‘ಸೂಜಿ ಟೆಸ್ಟ್’. ಥೈರಾಯ್ಡಿನ ಗಂಟು, ಸ್ತನದ ಗಂಟು, ಕುತ್ತಿಗೆಯ ದುಗ್ಧಗ್ರಂಥಿಯ ಊತ ಇವುಗಳಲ್ಲಿ ಈ ಪರೀಕ್ಷೆಯ ಸ್ಥಾನ ಗಟ್ಟಿಯಾಗಿದೆ. ಖರ್ಚು ಕಡಿಮೆ, ನೋವು ಕಡಿಮೆ, ಹೆಚ್ಚು ದಿನ ಕಾಯಬೇಕಾಗಿಲ್ಲ. ಅಂಡಾಶಯದ ವಿಷಯಕ್ಕೆ ಬಂದಾಗ ಮಾತ್ರ ಅರ್ಧ ಶತಮಾನದಿಂದ ವಾದ ಮುಗಿದಿಲ್ಲ. ಒಂದು ಆಸ್ಪತ್ರೆಯ ವರದಿ ನೂರಕ್ಕೆ ತೊಂಬತ್ತು ಸಲ ಸರಿ ಉತ್ತರ ಬಂತು ಎನ್ನುತ್ತದೆ. ಇನ್ನೊಂದು ಕಡೆಯ ವರದಿಯಲ್ಲಿ ನಾಲ್ಕು ಕ್ಯಾನ್ಸರ್‌ಗಳಲ್ಲಿ ಒಂದು ಮಾತ್ರ ಸೂಜಿಗೆ ಸಿಕ್ಕಿರುತ್ತದೆ. ಎರಡೂ ಪ್ರಾಮಾಣಿಕ ಲೆಕ್ಕಗಳೇ. ಯಾವ ಗಡ್ಡೆಗೆ, ಯಾವಾಗ, ಯಾವ ಕಾರಣಕ್ಕೆ ಸೂಜಿ ಹಾಕಲಾಯಿತು ಎಂಬುದನ್ನು ನೋಡದೆ ಈ ಪರೀಕ್ಷೆಯ ನಿಖರತೆಯ ಬಗ್ಗೆ ಏನನ್ನೂ ಹೇಳಲಾಗದು.

ಸೂಜಿಯಿಂದ ಗಡ್ಡೆಯ ಜೀವಕೋಶ ತೆಗೆದು ನೋಡುವ ಕ್ರಮ 1930ರ ಹೊತ್ತಿಗೆ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಮಾರ್ಟಿನ್ ಮತ್ತು ಎಲಿಸ್ ಅವರ ಕೈಯಲ್ಲಿ ಶುರುವಾಯಿತು. ಅವರು ಬಳಸಿದ ಸೂಜಿ ದಪ್ಪದ್ದು. ಇಂದಿನ ತೆಳು ಸೂಜಿಯ ಪದ್ಧತಿಯನ್ನು ಬೆಳೆಸಿದ್ದು ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವೈದ್ಯರು. ಸಿಕ್ಸ್‌ಟನ್ ಫ್ರಾನ್ಸೆನ್ ಮತ್ತು ಜೊತೆಗಾರರು 1960ರಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಬೆರಳಿನ ಸ್ಪರ್ಶದ ದಾರಿಯಲ್ಲೇ ಸೂಜಿ ತಲುಪಿಸುವ ಉಪಾಯವನ್ನು ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ತ್ರೀರೋಗ ತಜ್ಞರು ಅದೇ ಬಗೆಯಲ್ಲಿ ಯೋನಿಮಾರ್ಗದಿಂದ ಅಂಡಾಶಯದ ಗಡ್ಡೆಯನ್ನು ಮುಟ್ಟಲು ಹೊರಟರು. ಆಗ ಇಂದಿನಂಥ ಸ್ಕ್ಯಾನಿಂಗ್ ಇರಲಿಲ್ಲ. ಬೆರಳಿಗೆ ಸಿಕ್ಕುವಷ್ಟು ದೊಡ್ಡದಾದ, ಬಹುಪಾಲು ಬಲಿತ ಗಡ್ಡೆಗಳನ್ನೇ ಅವರು ಚುಚ್ಚಿದ್ದು. ಹೊಟ್ಟೆ ಕೊಯ್ಯದೆ ಉತ್ತರ ಸಿಗುತ್ತದೆ ಎಂಬ ಉತ್ಸಾಹ ಅಲ್ಲಿಂದ ಹುಟ್ಟಿತು.

ಅಂಡಾಶಯ ಬಾದಾಮಿಯಷ್ಟು ದೊಡ್ಡದಾದ, ಸುಮಾರು 3 ಸೆಂ.ಮೀ. ಉದ್ದದ ಅಂಗ. ಇಷ್ಟು ಸಣ್ಣ ಜಾಗದಲ್ಲಿ ಹುಟ್ಟುವ ಗಡ್ಡೆಗಳ ವೈವಿಧ್ಯ ದೇಹದ ಬೇರೆ ಅಂಗಗಳಲ್ಲಿ ಅಪರೂಪ. ಪ್ರತಿ ತಿಂಗಳು ಮೊಟ್ಟೆ ಬಲಿಯುವ ಕೋಶಿಕೆ ಒಡೆಯದೆ ಉಳಿದರೆ ಅದೇ ನೀರುಗುಳ್ಳೆಯಾಗಿ ಉಬ್ಬುತ್ತದೆ, ಎರಡು ಮೂರು ಮುಟ್ಟಿನೊಳಗೆ ಸಾಮಾನ್ಯವಾಗಿ ತಾನೇ ಇಳಿದುಹೋಗುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೇರೂರಿ ಹಳೆಯ ರಕ್ತ ತುಂಬಿಕೊಂಡರೆ ಅದು ಚಾಕೊಲೇಟ್ ಸಿಸ್ಟ್. ಡರ್ಮಾಯ್ಡ್ ಎಂಬ ಗಡ್ಡೆಯೊಳಗೆ ಕೂದಲು, ಬೆಣ್ಣೆಯಂಥ ಜಿಡ್ಡು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಇವುಗಳ ಆಚೆಗೆ ತಿಳಿನೀರಿನ, ಲೋಳೆಯ ಗಡ್ಡೆಗಳು. ನಾರಿನ ಗಟ್ಟಿ ಗಡ್ಡೆಗಳು. ಕ್ಯಾನ್ಸರ್ ಎನ್ನಲೂ ಆಗದ, ಅಲ್ಲ ಎನ್ನಲೂ ಆಗದ ಗಡಿರೇಖೆಯ ಗಡ್ಡೆಗಳು. ಹೊರಪದರದಿಂದ, ಅಂಡಕೋಶದಿಂದ ಅಥವಾ ಹಾರ್ಮೋನು ತಯಾರಿಸುವ ಅಂಗಾಂಶದಿಂದ ಹುಟ್ಟುವ ಬೇರೆ ಬೇರೆ ಕ್ಯಾನ್ಸರ್‌ಗಳು. ಜಠರ, ಕರುಳು, ಸ್ತನದ ಕ್ಯಾನ್ಸರ್ ಹರಡಿ ಬಂದು ಇಲ್ಲೇ ನೆಲೆಸುವುದೂ ಉಂಟು. ಸೂಜಿಯ ತುದಿಯಲ್ಲಿ ಬಂದ ಒಂದು ಹನಿಯಿಂದ ಇಷ್ಟನ್ನೂ ಬೇರ್ಪಡಿಸಬೇಕು.

ಪರೀಕ್ಷೆ ನಡೆಯುವ ಕ್ರಮ ಸರಳ. ಸಾಮಾನ್ಯವಾಗಿ 22 ಗೇಜಿನ, ಎಂದರೆ ಸುಮಾರು 0.7 ಮಿ.ಮೀ. ದಪ್ಪದ ಉದ್ದ ಸೂಜಿಯನ್ನು ಸ್ಕ್ಯಾನಿಂಗ್ ಪರದೆಯ ಮೇಲೆ ನೋಡುತ್ತಲೇ ಹೊಟ್ಟೆಯ ಮೇಲಿನಿಂದ ಅಥವಾ ಯೋನಿಮಾರ್ಗದಿಂದ ಗಡ್ಡೆಗೆ ತಲುಪಿಸುತ್ತಾರೆ. ಗಟ್ಟಿ ಭಾಗವಿದ್ದರೆ ಅಲ್ಲಿಂದ, ಇಲ್ಲದಿದ್ದರೆ ನೀರನ್ನು ಹೀರುತ್ತಾರೆ. ಕೆಲವು ಸ್ಲೈಡುಗಳನ್ನು ತಕ್ಷಣ ಆಲ್ಕೊಹಾಲಿನಲ್ಲಿ ಅದ್ದುತ್ತಾರೆ, ಕೆಲವನ್ನು ಗಾಳಿಗೆ ಒಣಗಿಸುತ್ತಾರೆ. ನೀರಾದರೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಳಕ್ಕೆ ಕೂತ ಜೀವಕೋಶಗಳನ್ನು ತೆಗೆಯುತ್ತಾರೆ. ಸಾಕಷ್ಟು ಸಿಕ್ಕರೆ ಅವನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ‘ಸೆಲ್ ಬ್ಲಾಕ್’ ಮಾಡಿ ಬಯಾಪ್ಸಿಯಂತೆ ತೆಳುವಾಗಿ ಕತ್ತರಿಸುತ್ತಾರೆ. ಈ ಕೊನೆಯ ಹೆಜ್ಜೆಗೆ ಬಹಳ ಬೆಲೆಯಿದೆ. ಸೆಲ್ ಬ್ಲಾಕ್ ಇದ್ದರೆ ಪ್ರೋಟೀನುಗಳನ್ನು ಗುರುತಿಸುವ ವಿಶೇಷ ಬಣ್ಣಗಳನ್ನು ಹಾಕಿ, ಈ ಕ್ಯಾನ್ಸರ್ ಅಂಡಾಶಯದಲ್ಲೇ ಹುಟ್ಟಿದ್ದೋ ಕರುಳಿನಿಂದ ಬಂದದ್ದೋ ಎಂದು ಹೇಳುವ ಅವಕಾಶ ಸಿಗುತ್ತದೆ.

ನೀರಿನ ಬಣ್ಣವೇ ಕೆಲವೊಮ್ಮೆ ಅರ್ಧ ಉತ್ತರ ಕೊಡುತ್ತದೆ. ಹುಲ್ಲಿನ ಬಣ್ಣದ ತಿಳಿ ದ್ರವ, ಎಳೆಯಾಗುವ ಲೋಳೆ, ಚಾಕೊಲೇಟಿನಂಥ ಕಂದು ರಕ್ತ, ಸಿರಿಂಜಿನಲ್ಲೇ ಹೆಪ್ಪುಗಟ್ಟುವ ಡರ್ಮಾಯ್ಡಿನ ಜಿಡ್ಡು ಒಂದೊಂದೂ ಒಂದು ಸುಳಿವು. ಕೋಶಿಕೆಯ ಗುಳ್ಳೆಯ ನೀರಿನಲ್ಲಿ ಎಸ್ಟ್ರಡಯಾಲ್ ಹಾರ್ಮೋನು ತುಂಬಾ ಹೆಚ್ಚಿರುವುದರಿಂದ ಅದನ್ನು ಅಳೆದೂ ಗುಳ್ಳೆಯ ಮೂಲ ತಿಳಿಯಬಹುದು.

ನಿಖರತೆ ಎಂಬ ಮಾತನ್ನು ವೈದ್ಯರು ಎರಡಾಗಿ ಒಡೆದು ನೋಡುತ್ತಾರೆ. ನಿಜವಾಗಿ ಕ್ಯಾನ್ಸರ್ ಇರುವವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯಿತು ಎಂಬುದು ಅದರ ಹಿಡಿತ. ಕ್ಯಾನ್ಸರ್ ಇಲ್ಲದವರಲ್ಲಿ ಎಷ್ಟು ಮಂದಿಗೆ ಸರಿಯಾಗಿ ‘ಇಲ್ಲ’ ಎಂದಿತು ಎಂಬುದು ಅದರ ತಪ್ಪದಿರುವಿಕೆ. ಅಂಡಾಶಯದ ಸೂಜಿ ಪರೀಕ್ಷೆಯಲ್ಲಿ ಎರಡನೆಯದು ಬಹುತೇಕ ಎಲ್ಲ ಕಡೆ ಚೆನ್ನಾಗಿದೆ. ತೊಂದರೆ ಇರುವುದು ಮೊದಲನೆಯದರಲ್ಲಿ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘದ ಮಾರ್ಗಸೂಚಿ ಗುಳ್ಳೆಯ ನೀರಿನ ಪರೀಕ್ಷೆ ಕ್ಯಾನ್ಸರ್ ಹಿಡಿಯುವ ಪ್ರಮಾಣವನ್ನು 25ರಿಂದ 82 ಶೇಕಡಾ ಎಂದು ಕೊಡುತ್ತದೆ. ಬ್ರಿಟನ್ನಿನ ತಜ್ಞರ ಕಾಲೇಜು ಮುಟ್ಟು ನಿಂತ ಹೆಂಗಸರಿಗಾಗಿ ಬರೆದ ಮಾರ್ಗಸೂಚಿ, ಹೆಚ್ಚಿನ ಅಧ್ಯಯನಗಳಲ್ಲಿ ಅದು 25ರ ಆಸುಪಾಸು ಎಂದು ಹೇಳಿ, ರೋಗ ಪತ್ತೆಗಾಗಿ ಗುಳ್ಳೆಯ ನೀರು ತೆಗೆಯುವುದನ್ನೇ ಬೇಡವೆನ್ನುತ್ತದೆ.

ಒಂದು ಕಲ್ಪಿತ ಲೆಕ್ಕ ಇದನ್ನು ತಿಳಿಯಾಗಿಸುತ್ತದೆ. ಗಡ್ಡೆಯಿರುವ 100 ಹೆಂಗಸರಲ್ಲಿ 20 ಮಂದಿಗೆ ಕ್ಯಾನ್ಸರ್ ಇದೆ ಎನ್ನೋಣ. ಪರೀಕ್ಷೆಯ ಹಿಡಿತ ನೂರಕ್ಕೆ 60, ತಪ್ಪದಿರುವಿಕೆ ನೂರಕ್ಕೆ 95. ಇಪ್ಪತ್ತರಲ್ಲಿ 12 ಮಂದಿ ಸಿಕ್ಕುತ್ತಾರೆ, 8 ಮಂದಿ ತಪ್ಪಿಹೋಗುತ್ತಾರೆ. ಉಳಿದ 80ರಲ್ಲಿ 76 ಮಂದಿಗೆ ಸರಿಯಾದ ‘ಇಲ್ಲ’, 4 ಮಂದಿಗೆ ಸುಳ್ಳು ಭಯ. ನೂರಕ್ಕೆ 88 ಉತ್ತರ ಸರಿ ಎಂದು ವರದಿ ಬರೆಯಬಹುದು, ಕೇಳಲು ಹಿತವಾಗಿದೆ. ಆದರೆ ‘ಕ್ಯಾನ್ಸರ್ ಇಲ್ಲ’ ಎಂಬ ಕಾಗದ ಹಿಡಿದು ಮನೆಗೆ ಹೋದ 84 ಮಂದಿಯಲ್ಲಿ 8 ಮಂದಿಯ ಹೊಟ್ಟೆಯಲ್ಲಿ ಕ್ಯಾನ್ಸರ್ ಹಾಗೇ ಇದೆ. ಇನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೂರರಲ್ಲಿ 60 ಮಂದಿಗೆ ಕ್ಯಾನ್ಸರ್ ಇದ್ದರೆ, ಅದೇ ಪರೀಕ್ಷೆ ‘ಇದೆ’ ಎಂದ 38 ಮಂದಿಯಲ್ಲಿ 36 ಮಂದಿಗೆ ನಿಜಕ್ಕೂ ಇರುತ್ತದೆ. ‘ಇಲ್ಲ’ ಎಂದ 62 ಮಂದಿಯಲ್ಲಿ ಮಾತ್ರ 24 ಮಂದಿಗೆ ಇದ್ದೇ ಇರುತ್ತದೆ. ಸೂಜಿ ಬದಲಾಗಿಲ್ಲ, ಕಣ್ಣು ಬದಲಾಗಿಲ್ಲ. ಸರದಿಯಲ್ಲಿ ನಿಂತವರು ಬದಲಾದರು, ‘ಇಲ್ಲ’ ಎಂಬ ಮಾತಿನ ತೂಕವೂ ಬದಲಾಯಿತು.

ಪ್ರಕಟವಾದ ಅಧ್ಯಯನಗಳನ್ನು ಓದುವಾಗ ಇನ್ನೂ ಎರಡು ವಿಷಯಗಳ ಮೇಲೆ ಕಣ್ಣಿಡಬೇಕು. ಅನೇಕ ಅಧ್ಯಯನಗಳಲ್ಲಿ ಗಡ್ಡೆಯನ್ನು ಆಪರೇಷನ್‌ನಲ್ಲಿ ಹೊರತೆಗೆದು, ಮೇಜಿನ ಮೇಲಿಟ್ಟು, ಅನುಮಾನ ಹುಟ್ಟಿಸುವ ಗಟ್ಟಿ ಭಾಗವನ್ನು ಕಣ್ಣಾರೆ ನೋಡಿ ಸೂಜಿ ಹಾಕಿರುತ್ತಾರೆ. ಅಂಥಲ್ಲಿ ಸಿಗುವ ಅಂಕ ಹೊಟ್ಟೆಯೊಳಗಿನ ಗಡ್ಡೆಗೆ ಹೊರಗಿನಿಂದ ಸೂಜಿ ಹಾಕಿದಾಗ ಸಿಗುವುದಿಲ್ಲ. ಎರಡನೆಯದಾಗಿ, ಜೀವಕೋಶಗಳೇ ಸಿಗದ ಮಾದರಿಗಳನ್ನು ಲೆಕ್ಕದಿಂದ ಕೈಬಿಟ್ಟು ಉಳಿದವುಗಳ ಮೇಲೆ ಶೇಕಡಾವಾರು ಹಾಕುವುದು ಸಾಮಾನ್ಯ. ರೋಗಿಯ ಪಾಲಿಗೆ ಏನೂ ಸಿಗದ ಸೂಜಿಯೂ ಒಂದು ಸೋಲೇ. ಅದನ್ನು ಬಿಟ್ಟ ಲೆಕ್ಕ ಆಕೆಯ ಲೆಕ್ಕವಾಗುವುದಿಲ್ಲ.

ಸೂಜಿಗೆ ಕ್ಯಾನ್ಸರ್ ತಪ್ಪಿಹೋಗುವ ಕಾರಣಗಳು ಗಡ್ಡೆಯ ರಚನೆಯಲ್ಲೇ ಇವೆ. ನೀರುಗುಳ್ಳೆಯ ಗೋಡೆಗೆ ಅಂಟಿಕೊಂಡ ಜೀವಕೋಶಗಳು ನೀರಿಗೆ ಉದುರಲೇಬೇಕೆಂದಿಲ್ಲ. ಅರ್ಧ ಲೀಟರ್ ನೀರು ತೆಗೆದರೂ ಸ್ಲೈಡಿನಲ್ಲಿ ನಾಲ್ಕಾರು ಮುದಿ ಜೀವಕೋಶಗಳು, ರಕ್ತ ನುಂಗಿದ ಕಸಗುಡಿಸುವ ಕೋಶಗಳು ಬಿಟ್ಟರೆ ಬೇರೇನೂ ಕಾಣದಿರಬಹುದು. ಲೋಳೆಯ ಗಡ್ಡೆಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಇಪ್ಪತ್ತು ಸೆಂ.ಮೀ. ಅಗಲದ ಒಂದೇ ಗಡ್ಡೆಯಲ್ಲಿ ಮುಕ್ಕಾಲು ಪಾಲು ಸಾಧುವಾಗಿದ್ದು, ಒಂದು ಭಾಗ ಗಡಿರೇಖೆಯಲ್ಲಿದ್ದು, ಎಲ್ಲೋ ಒಂದು ಮೂಲೆಯಲ್ಲಿ ಕ್ಯಾನ್ಸರ್ ಆಗಿರಬಹುದು. ಹೀಗಾಗಿಯೇ ಗಡ್ಡೆ ಪೂರ್ತಿ ಕೈಗೆ ಬಂದ ಮೇಲೂ ಪೆಥಾಲಜಿ ತಜ್ಞರು ಪ್ರತಿ ಸೆಂಟಿಮೀಟರಿಗೆ ಒಂದಾದರೂ ತುಂಡಿನಂತೆ ಹತ್ತಾರು ಕಡೆ ಕತ್ತರಿಸಿ ನೋಡುತ್ತಾರೆ. ಅಷ್ಟು ಹುಡುಕಿ ಸಿಗುವುದನ್ನು ಒಂದು ಚುಚ್ಚಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಗಡಿರೇಖೆಯ ಗಡ್ಡೆಗಳಂತೂ ಈ ಪರೀಕ್ಷೆಯ ಸ್ವಭಾವಕ್ಕೇ ಎಟುಕದವು. ಅವುಗಳನ್ನು ಕ್ಯಾನ್ಸರಿನಿಂದ ಬೇರ್ಪಡಿಸುವುದು ಜೀವಕೋಶದ ಮುಖದಿಂದಲ್ಲ, ಜೀವಕೋಶಗಳು ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗಿವೆಯೇ ಎಂಬುದರಿಂದ. ಸೂಜಿಯಲ್ಲಿ ಬರುವುದು ಚದುರಿದ ಕೋಶಗಳು. ಅವು ಎಲ್ಲಿ ಕೂತಿದ್ದವು ಎಂಬ ನಕ್ಷೆ ಹೊಟ್ಟೆಯಲ್ಲೇ ಉಳಿದುಹೋಗಿರುತ್ತದೆ.

ಇಲ್ಲದ ಕ್ಯಾನ್ಸರನ್ನು ಇದೆ ಎನ್ನುವ ತಪ್ಪು ಕಡಿಮೆ, ಆದರೆ ಅದು ಹುಟ್ಟುವ ಜಾಗ ಗೊತ್ತಿರಬೇಕು. ಹರೆಯದ ಹೆಂಗಸಿನ ಸಹಜ ಕೋಶಿಕೆಯ ಗುಳ್ಳೆಯಿಂದ ಬರುವ ಜೀವಕೋಶಗಳು ಗುಂಪುಗುಂಪಾಗಿ, ಬೇಗಬೇಗ ವಿಭಜನೆಯಾಗುತ್ತ ಕ್ಯಾನ್ಸರಿನಂತೆಯೇ ಕಾಣಬಹುದು. ಚಾಕೊಲೇಟ್ ಸಿಸ್ಟಿನ ಗೋಡೆಯ ಕೆರಳಿದ ಕೋಶಗಳು, ತನ್ನ ಕಾಂಡದಲ್ಲಿ ತಿರುಚಿಕೊಂಡ ಅಂಡಾಶಯದ ಕೋಶಗಳು, ಬಸುರಿನ ಸಮಯದ ಬದಲಾವಣೆಗಳು ಇವೂ ದಾರಿ ತಪ್ಪಿಸುತ್ತವೆ. ಹೊಟ್ಟೆಯಿಂದ ಹೋಗುವ ಸೂಜಿ ದಾರಿಯಲ್ಲಿ ಕರುಳನ್ನು ಮುಟ್ಟಿದರೆ ಅಲ್ಲಿಯ ಲೋಳೆ ಕೋಶಗಳು ಲೋಳೆಯ ಗಡ್ಡೆಯ ವೇಷ ಹಾಕುತ್ತವೆ. ಯೋನಿಯಿಂದ ಹೋದ ಸೂಜಿಯಲ್ಲಿ ಬಂದ ಚರ್ಮದಂಥ ಕೋಶಗಳು ಡರ್ಮಾಯ್ಡ್ ಎನಿಸಬಹುದು. ಆದ್ದರಿಂದ ಸ್ಲೈಡ್ ನೋಡುವವರಿಗೆ ರೋಗಿಯ ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಸ್ಕ್ಯಾನಿಂಗ್ ಚಿತ್ರ, ಸೂಜಿ ಹೋದ ದಾರಿ ಎಲ್ಲವೂ ತಿಳಿದಿರಬೇಕು. ಖಾಲಿ ಬಿಟ್ಟ ಅರ್ಜಿ ಕಾಗದದೊಂದಿಗೆ ಪ್ರಯೋಗಾಲಯಕ್ಕೆ ಬರುವ ಸ್ಲೈಡು ಅರ್ಧ ಕುರುಡು ಸ್ಲೈಡು.

ಗಟ್ಟಿ ಗಡ್ಡೆಗಳಲ್ಲಿ ಸೂಜಿ ತನ್ನ ಶಕ್ತಿ ತೋರಿಸುತ್ತದೆ. ಹೆಚ್ಚಾಗಿ ಹದಿಹರೆಯದವರಲ್ಲಿ ಮತ್ತು ಇಪ್ಪತ್ತರ ಆಸುಪಾಸಿನವರಲ್ಲಿ ಕಾಣುವ ಡಿಸ್‌ಜರ್ಮಿನೋಮ ಎಂಬ ಕ್ಯಾನ್ಸರಿನಲ್ಲಿ, ದೊಡ್ಡ ದುಂಡು ಕೋಶಗಳ ಸುತ್ತ ಬಿಳಿ ರಕ್ತಕಣಗಳು ಹರಡಿ, ಹಿನ್ನೆಲೆ ಹುಲಿಪಟ್ಟೆಯಂತೆ ಕಾಣುತ್ತದೆ. ಹಾರ್ಮೋನು ತಯಾರಿಸುವ ಅಂಗಾಂಶದಿಂದ ಹುಟ್ಟುವ ಗ್ರಾನ್ಯುಲೋಸಾ ಗಡ್ಡೆಯ ಕೋಶಕೇಂದ್ರಗಳಲ್ಲಿ ಕಾಫಿ ಬೀಜದ ನಡುಗೀರಿನಂಥ ಗೆರೆ ಇರುತ್ತದೆ. ಜಠರದಿಂದ ಹರಡಿದ ಕ್ರುಕೆನ್‌ಬರ್ಗ್ ಗಡ್ಡೆಯಲ್ಲಿ ಲೋಳೆ ತುಂಬಿ ಕೇಂದ್ರ ಅಂಚಿಗೆ ಸರಿದ, ಮುದ್ರೆಯುಂಗುರದಂಥ ಕೋಶಗಳು ಸಿಗುತ್ತವೆ. ತಿಳಿನೀರಿನ ಬಗೆಯ, ಎಂದರೆ ಸೀರಸ್, ಬಲಿತ ಕ್ಯಾನ್ಸರ್ ಸಾಮಾನ್ಯವಾಗಿ ಸಂಶಯಕ್ಕೆ ಎಡೆ ಕೊಡುವುದಿಲ್ಲ. ನಾರಿನ ಗಡ್ಡೆ ಮಾತ್ರ ಗಟ್ಟಿಯಾಗಿದ್ದೂ ಜಿಪುಣ: ಸೂಜಿಗೆ ಕೆಲವೇ ಕೋಶಗಳನ್ನು ಬಿಟ್ಟುಕೊಡುತ್ತದೆ.

ಇಷ್ಟಿದ್ದೂ ಅಂಡಾಶಯಕ್ಕಷ್ಟೇ ಸೀಮಿತವಾದಂತೆ ಕಾಣುವ, ಕ್ಯಾನ್ಸರ್ ಸಂಶಯವಿರುವ ಗಡ್ಡೆಗೆ ಸೂಜಿ ಹಾಕಬಾರದು ಎಂಬುದು ಇಂದಿನ ವೈದ್ಯಲೋಕದ ಸಾಮಾನ್ಯ ಒಪ್ಪಿಗೆ. ನಿಖರತೆಯ ಕೊರತೆ ಇದಕ್ಕೆ ಒಂದು ಕಾರಣ ಮಾತ್ರ. ಅಂಡಾಶಯ ಹೊಟ್ಟೆಯ ಬಯಲಿನಲ್ಲಿ ತೂಗಾಡುವ ಅಂಗ. ಅದರ ಚೀಲ ತೂತಾದರೆ ಒಳಗಿನ ನೀರು ನೇರವಾಗಿ ಹೊಟ್ಟೆಗೆ ಸೋರುತ್ತದೆ. ಚೀಲ ಒಡೆಯದೆ ಒಂದೇ ಅಂಡಾಶಯದಲ್ಲಿ ಉಳಿದ ಕ್ಯಾನ್ಸರ್ 1ಎ ಹಂತದ್ದು. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟವಾದ ಫೀಗೋದ 2014ರ ವರ್ಗೀಕರಣದಲ್ಲಿ, ಆಪರೇಷನ್ ವೇಳೆ ನೀರು ಚೆಲ್ಲಿದರೂ ಅದು 1ಸಿ ಹಂತಕ್ಕೆ ಏರುತ್ತದೆ. ಬರೀ ಆಪರೇಷನ್ನಿನಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆಗೆ ಕೀಮೋ ಸೇರಿಕೊಳ್ಳಬಹುದು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆಲ್ಜಿಯಂನ ಇಗ್ನಾಸ್ ವೆರ್ಗೋಟ್ ಮತ್ತು ಸಂಗಡಿಗರು ಮೊದಲ ಹಂತದ 1,545 ರೋಗಿಗಳ ವಿವರ ಪರಿಶೀಲಿಸಿ, ಗಡ್ಡೆ ಒಡೆದವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂದು ತೋರಿಸಿದರು. ಸೂಜಿಯ ದಾರಿಯಲ್ಲೇ ಕ್ಯಾನ್ಸರ್ ಬೆಳೆದ ಉದಾಹರಣೆಗಳು ವಿರಳ. ಆದರೆ ಪೂರ್ತಿ ಗುಣವಾಗುವ ಅವಕಾಶ ಅತಿ ಹೆಚ್ಚಾಗಿರುವ ಹಂತದಲ್ಲಿರುವವಳನ್ನು, ಅಷ್ಟೇನೂ ನಂಬಲಾಗದ ಒಂದು ಉತ್ತರಕ್ಕಾಗಿ ಈ ಅಪಾಯಕ್ಕೆ ಒಡ್ಡುವುದು ತಪ್ಪು.

ಆಕೆಯ ವಿಷಯದಲ್ಲಿ ನಿರ್ಧಾರ ಬೇರೆ ದಾರಿಯಿಂದ ಬರುತ್ತದೆ. ಒಳ್ಳೆಯ ಸ್ಕ್ಯಾನಿಂಗ್‌ನಲ್ಲಿ ಗಡ್ಡೆಯೊಳಗಿನ ಗಟ್ಟಿ ಭಾಗ, ಹಲವು ಕೋಣೆಗಳು, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು ಇಂಥ ಗುರುತುಗಳನ್ನು ಹುಡುಕುತ್ತಾರೆ. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನನ್ನು ಅಳೆಯುತ್ತಾರೆ. 35 ಯೂನಿಟ್‌ವರೆಗೆ ಸಹಜ. 1990ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಅಪಾಯ ಸೂಚ್ಯಂಕ ಇವೆರಡನ್ನೂ ಮುಟ್ಟಿನ ಸ್ಥಿತಿಯನ್ನೂ ಗುಣಿಸುತ್ತದೆ. ಮುಟ್ಟು ನಿಂತವಳಿಗೆ 3 ಅಂಕ, ಸ್ಕ್ಯಾನಿನಲ್ಲಿ ಎರಡು ಅಥವಾ ಹೆಚ್ಚು ಗುರುತಿದ್ದರೆ 3 ಅಂಕ, ಸಿಎ-125 ಅರವತ್ತು ಇದ್ದರೆ ಒಟ್ಟು 540. ಇನ್ನೂ ಮುಟ್ಟಾಗುತ್ತಿರುವ, ಸ್ಕ್ಯಾನಿನಲ್ಲಿ ಒಂದೇ ಗುರುತಿರುವ ಹೆಂಗಸಿಗೆ ಅದೇ ಅರವತ್ತು ಅರವತ್ತಾಗಿಯೇ ಉಳಿಯುತ್ತದೆ. 200 ದಾಟಿದರೆ ಕ್ಯಾನ್ಸರ್ ತಜ್ಞರ ಕೈಯಲ್ಲೇ ಆಪರೇಷನ್ ಆಗಬೇಕು ಎಂಬುದು ರೂಢಿಯ ಗೆರೆ. ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆದು, ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ಹೆಪ್ಪುಗಟ್ಟಿಸಿ ಕತ್ತರಿಸಿ ನೋಡುವ ‘ಫ್ರೋಜನ್ ಸೆಕ್ಷನ್’ ಮುಂದಿನ ಹೆಜ್ಜೆ. 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಅದು ಬಲಿತ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ನ್ನು ಹಿಡಿಯುತ್ತದೆ; ಇಲ್ಲದ ಕ್ಯಾನ್ಸರನ್ನು ಇದೆ ಎನ್ನುವುದು ಇನ್ನೂರಕ್ಕೆ ಒಂದರಷ್ಟು. ಫ್ರೋಜನ್ ಸೆಕ್ಷನ್ ಸೌಲಭ್ಯವಿಲ್ಲದ ಊರುಗಳಲ್ಲಿ ಹೊರತೆಗೆದ ಗಡ್ಡೆಗೆ ಅಲ್ಲೇ ಸೂಜಿ ಹಾಕಿ, ಅಥವಾ ಕತ್ತರಿಸಿದ ಮುಖವನ್ನು ಸ್ಲೈಡಿಗೆ ಒತ್ತಿ, ನಿಮಿಷಗಳಲ್ಲಿ ಬಣ್ಣ ಹಾಕಿ ನೋಡುವುದು ಉಪಯುಕ್ತ. ಚೆಲ್ಲುವ ಭಯ ಅಲ್ಲಿಲ್ಲ.

ರೋಗ ಹೊಟ್ಟೆಯೆಲ್ಲ ಹರಡಿದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಅಂಡಾಶಯದ ಕ್ಯಾನ್ಸರ್ ಬಹುತೇಕ ಪತ್ತೆಯಾಗುವುದೇ ಹೀಗೆ, ತಡವಾಗಿ. ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ 47 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಕಂಡುಬಂದರು, ಸುಮಾರು 33 ಸಾವಿರ ಮಂದಿ ತೀರಿಕೊಂಡರು. ಹೊಟ್ಟೆ ಉಬ್ಬರ, ಹಸಿವಿಲ್ಲದಿರುವಿಕೆ, ಗ್ಯಾಸ್ ಎಂದು ತಿಂಗಳುಗಟ್ಟಲೆ ಅಲೆದು ಬರುವ ಈ ಹೆಂಗಸರಲ್ಲಿ ಚೆಲ್ಲಲು ಇನ್ನೇನೂ ಉಳಿದಿರುವುದಿಲ್ಲ. ಅನೇಕರಿಗೆ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡಬೇಕಾಗುತ್ತದೆ. ಯೂರೋಪಿನ ದೊಡ್ಡ ಪ್ರಯೋಗವೊಂದು 2010ರಲ್ಲಿ ಈ ಕ್ರಮಕ್ಕೆ ಬಲ ಕೊಟ್ಟಿತು. ಆದರೆ ಖಚಿತವಿಲ್ಲದೆ ಕೀಮೋ ಕೊಡುವಂತಿಲ್ಲ. ಆಗ ಹೊಟ್ಟೆಯ ನೀರು, ಕರುಳಿನ ಮೇಲಿನ ಕೊಬ್ಬಿನ ಪರದೆಯ ಗಂಟು, ಅಥವಾ ಗಡ್ಡೆಯಿಂದಲೇ ಸೂಜಿಯಲ್ಲಿ ಕೋಶ ತೆಗೆಯುತ್ತಾರೆ. ಮೊದಲ ಆಯ್ಕೆ ದಪ್ಪ ಸೂಜಿಯ ಬಯಾಪ್ಸಿ. ಅದು ಸಾಧ್ಯವಾಗದ ಕಡೆ, ಕೋಶಗಳಲ್ಲಿ ಕ್ಯಾನ್ಸರ್ ಕಂಡು, ರಕ್ತದ ಸಿಎ-125 ಪ್ರಮಾಣ ಸಿಇಎ ಎಂಬ ಇನ್ನೊಂದು ಪ್ರೋಟೀನಿನ ಪ್ರಮಾಣದ 25 ಪಟ್ಟಿಗಿಂತ ಹೆಚ್ಚಿದ್ದರೆ ಚಿಕಿತ್ಸೆ ಶುರುಮಾಡಬಹುದು ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು 2016ರಲ್ಲಿ ಒಪ್ಪಿದವು. ಈ ಅನುಪಾತ ಕರುಳಿನ ಕ್ಯಾನ್ಸರನ್ನು ಬೇರ್ಪಡಿಸಲು ಬೇಕಾದದ್ದು.

ನಮ್ಮ ದೇಶದ ಮಟ್ಟಿಗೆ ಇಲ್ಲಿ ಇನ್ನೊಂದು ಮುಖ್ಯ ಕಾರಣವಿದೆ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ಅಂಡಾಶಯದ ಜಾಗದಲ್ಲಿ ಗಡ್ಡೆ, ಒಳಪೊರೆಯ ಮೇಲೆ ಗಂಟುಗಳು, ತೂಕ ಇಳಿತ, ನೂರಾರು ಮುಟ್ಟಿದ ಸಿಎ-125 ಎಲ್ಲವೂ ಬಲಿತ ಕ್ಯಾನ್ಸರಿನ ಪಡಿಯಚ್ಚು. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯನ್ನಷ್ಟೇ ನಂಬಿ ಹೊಟ್ಟೆ ತೆರೆದು, ಗರ್ಭಕೋಶ ಅಂಡಾಶಯ ತೆಗೆದ ಮೇಲೆ ಬಯಾಪ್ಸಿಯಲ್ಲಿ ಕ್ಷಯ ಎಂದು ಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಮಾತ್ರೆಯಲ್ಲಿ ವಾಸಿಯಾಗಬೇಕಿದ್ದ ಹರೆಯದ ಹುಡುಗಿಯೊಬ್ಬಳಿಗೆ ಇದು ತುಂಬಿಕೊಡಲಾಗದ ನಷ್ಟ. ಸೂಜಿಯಲ್ಲಿ ಕ್ಷಯದ ಕಣಗಂಟುಗಳು, ಸತ್ತ ಅಂಗಾಂಶ ಕಂಡರೆ, ಅದೇ ಮಾದರಿಯಲ್ಲಿ ಕ್ಷಯದ ರೋಗಾಣುವಿನ ಜೀನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಪಾಸಿಟಿವ್ ಬಂದರೆ, ಒಂದು ದೊಡ್ಡ ಆಪರೇಷನ್ ತಪ್ಪುತ್ತದೆ. ಹೊಟ್ಟೆಯ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆಯಿರುವುದರಿಂದ ಈ ಪರೀಕ್ಷೆ ಪಾಸಿಟಿವ್ ಬಾರದಿದ್ದರೂ ಕ್ಷಯವಿಲ್ಲ ಎನ್ನಲಾಗದು. ಆಗ ಲ್ಯಾಪರೋಸ್ಕೋಪಿಯ ಬಯಾಪ್ಸಿಗೆ ಹೋಗಬೇಕಾಗುತ್ತದೆ. ಕ್ಷಯದ ಆಚೆಗೆ, ಹಿಂದೆ ಚಿಕಿತ್ಸೆಯಾದ ಕ್ಯಾನ್ಸರ್ ಮತ್ತೆ ಗಂಟಾಗಿ ಮರುಕಳಿಸಿದವರು, ಶಸ್ತ್ರಚಿಕಿತ್ಸೆ ತಡೆಯದಷ್ಟು ಕುಗ್ಗಿದ ವೃದ್ಧೆಯರು ಇವರಲ್ಲೂ ಸೂಜಿಗೆ ನ್ಯಾಯವಾದ ಸ್ಥಾನವಿದೆ.

ನೀರು ತೆಗೆದರೆ ಗುಳ್ಳೆಯೇ ಹೋಗುತ್ತದೆ ಎಂಬ ನಂಬಿಕೆಯಿಂದಲೂ ಸೂಜಿ ಹಾಕಿಸಿಕೊಳ್ಳುವವರಿದ್ದಾರೆ. 1996ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಇಟಲಿಯ ಪ್ರಯೋಗವೊಂದರಲ್ಲಿ, ಸರಳ ಗುಳ್ಳೆಯ ನೀರು ತೆಗೆಸಿಕೊಂಡವರಲ್ಲಿ ಆರು ತಿಂಗಳಲ್ಲಿ ಗುಳ್ಳೆ ಮಾಯವಾದದ್ದು ನೂರಕ್ಕೆ 46 ಮಂದಿಗೆ, ಸುಮ್ಮನೆ ಕಾದವರಲ್ಲಿ ಸುಮಾರು 45 ಮಂದಿಗೆ.

ರೋಗಿಯ ಕೈಗೆ ಬರುವ ವರದಿಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಎರಡು ಸಾಲುಗಳು. ‘ಕ್ಯಾನ್ಸರ್ ಕೋಶಗಳು ಕಂಡಿಲ್ಲ’ ಎಂಬುದು ನೋಡಿದ ಕೋಶಗಳ ಬಗ್ಗೆ ಮಾತ್ರ ಹೇಳುವ ಮಾತು, ಗಡ್ಡೆಯ ಬಗ್ಗೆ ಅಲ್ಲ. ‘ಮಾದರಿ ಸಾಕಾಗಿಲ್ಲ’ ಎಂಬುದು ಪರೀಕ್ಷೆ ಆಗಲೇ ಇಲ್ಲ ಎಂದಷ್ಟೇ ಅರ್ಥ ಕೊಡುತ್ತದೆ, ಅದನ್ನು ನಾರ್ಮಲ್ ಎಂದು ಓದಬಾರದು. ಸ್ಕ್ಯಾನಿಂಗ್ ಒಂದು ಹೇಳಿ ಸೂಜಿ ಇನ್ನೊಂದು ಹೇಳಿದಾಗ, ಸೂಜಿ ‘ಇಲ್ಲ’ ಎಂದಿದ್ದರೆ ಸ್ಕ್ಯಾನಿಂಗಿನ ಮಾತಿಗೇ ಹೆಚ್ಚು ತೂಕ ಕೊಟ್ಟು ಮುಂದಿನ ಪರೀಕ್ಷೆಗೆ ಹೋಗುವುದು ಅನುಭವಿ ತಜ್ಞರ ಕ್ರಮ.